ಲಂಟಾನದ ಕಷಾಯ, ರಾಗಿಯ ಬೇರು: ಚಾಮರಾಜನಗರದ ಕಾಡಂಚಿನ ಸುತ್ತಾಟ

ಶುಕ್ರವಾರ: ಮೈಸೂರು, ಯಳಂದೂರು, ಬಿಳಿಗಿರಿರಂಗನ ಬೆಟ್ಟ

ದಸರೆಯ ಜನಜಂಗುಳಿ ಕರಗಿ ಮೈಸೂರು ತನ್ನ ಎಂದಿನ ನಿಧಾನಕ್ಕೆ ಮರಳಿದ ಮೇಲೆ ನಾವು ಹೊರಟೆವು. ನನ್ನ ಗೆಳತಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತಳಾದವಳು, ಕರೆದಲ್ಲಿಗೆ ಹೋಗುವವಳು. ಅವಳ ಕೈಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳು, ಶೋಧಕ ಕಾಗದ, ಒಂದು ಪೊಟ್ಟಣ ರಾಗಿ, ಒಂದು ಪೊಟ್ಟಣ ಹುರುಳಿ ಇದ್ದವು. "ತಿನ್ನುವುದಕ್ಕಾ?" ಎಂದೆ. "ವಿಷ ಹಾಕುವುದಕ್ಕೆ" ಎಂದಳು.

ಯಳಂದೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು. ನಿಲ್ದಾಣದ ಬಳಿಯ ಖಾಲಿ ನಿವೇಶನದ ತುಂಬ ಕಾಂಗ್ರೆಸ್ ಗಿಡ ಸೊಂಟದೆತ್ತರಕ್ಕೆ ಬೆಳೆದು ಬಿಳಿ ಹೂ ಚೆಲ್ಲಿತ್ತು. ಈ ಪಾರ್ಥೇನಿಯಂ ನಮ್ಮ ದೇಶದಲ್ಲಿ ಹಬ್ಬುವ ಕಳೆಯಾಗಿ ಸಸ್ಯವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬಂತೆಂಬುದು ಎಲ್ಲರೂ ಹೇಳುವ ಮಾತು. ಮೈಗೆ ತಗುಲಿದರೆ ತುರಿಕೆ, ಉಸಿರಿಗೆ ಸೇರಿದರೆ ದಮ್ಮು ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಆ ತುರಿಕೆಯ ಹಿಂದಿರುವ ಪಾರ್ಥೆನಿನ್ ಎಂಬ ರಾಸಾಯನಿಕವೇ ಪಕ್ಕದ ಗಿಡಗಳ ಬೀಜ ಮೊಳೆಯದಂತೆ, ಬೇರು ಇಳಿಯದಂತೆ ತಡೆಯುತ್ತದೆ ಎಂಬುದನ್ನು ಮಾತ್ರ ನಾನು ಅಂದು ಚಹಾ ಕುಡಿಯುತ್ತ ಕೇಳಿದೆ. ಎಲೆಯಿಂದ, ಬೇರಿನಿಂದ, ಹೂವಿನ ಪರಾಗದಿಂದ ಕೂಡ ಅದು ಹೊರಗೆ ಬರುತ್ತದಂತೆ.

"ಹಾಗಾದರೆ ಇದಕ್ಕೆ ಎದುರು ನಿಲ್ಲುವ ಗಿಡವೇ ಇಲ್ಲವೇ?"

"ಇದೆ. ಧಾರವಾಡದ ಕಡೆ ರಸ್ತೆ ಬದಿಯಲ್ಲಿ ಒಂದು ಜಾತಿಯ ಕ್ಯಾಸಿಯಾ ಪಾರ್ಥೇನಿಯಂ ಅನ್ನು ಹಿಂದಕ್ಕೆ ತಳ್ಳುತ್ತಿರುವುದನ್ನು ಅಲ್ಲಿನವರು ಗಮನಿಸಿದರು. ಅದರ ಎಲೆಯಿಂದ ಇಳಿಯುವ ರಸವೂ ಪಾರ್ಥೇನಿಯಂ ಬೀಜವನ್ನು ಮೊಳೆಯಲು ಬಿಡುವುದಿಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ. ಮಹದೇವಪ್ಪನವರು ಅದರ ಬೀಜ ಎರಚುವುದನ್ನು ಊರೂರಿಗೆ ಪ್ರಚಾರ ಮಾಡಿದರು."

"ನಮ್ಮ ಗಿಡವೇ ಗೆದ್ದಿತಲ್ಲ!"

"ನಮ್ಮದಲ್ಲ. ಅದೂ ಅಮೆರಿಕದ ಉಷ್ಣವಲಯದಿಂದ ಬಂದದ್ದೇ."

ಪಾರ್ಥೇನಿಯಂ ಎಲೆ ತಿನ್ನಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆಯ ಕಥೆಗೆ ಅವಳು ಬಾಯಿ ತೆರೆಯುವಷ್ಟರಲ್ಲಿ ಬೆಟ್ಟದ ಬಸ್ಸು ಬಂತು.

ತನಿಖಾ ಠಾಣೆ ದಾಟಿ ಘಟ್ಟ ಏರತೊಡಗಿದ ಮೇಲೆ ಕಿಟಕಿಯ ಎರಡೂ ಬದಿಗೆ ಒಂದೇ ಗಿಡ. ಕೆಂಪು, ಹಳದಿ, ಗುಲಾಬಿ ಬಣ್ಣದ ಪುಟ್ಟ ಪುಟ್ಟ ಹೂಗೊಂಚಲು. ಕೆಳಗೆ ಮುಳ್ಳು ಮುಳ್ಳಾದ ಕಡ್ಡಿಗಳ ಜಡೆ. ಲಂಟಾನ, ನಮ್ಮ ಕಡೆಯ ಹಳ್ಳಿಗಳಲ್ಲಿ ರೋಜದ ಗಿಡ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು, ಈಗ ದೇಶದ ಹುಲಿಕಾಡುಗಳ ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಜಾಗದಲ್ಲಿದೆಯೆಂದು 2020ರ ಒಂದು ಅಧ್ಯಯನ ಲೆಕ್ಕ ಹಾಕಿದೆ.

ತಂಗಿದ ಮನೆಯ ಬೇಲಿಯಲ್ಲೇ ಲಂಟಾನ ಇತ್ತು. ಗೆಳತಿ ಒಂದು ಹಿಡಿ ಎಲೆ ಕಿತ್ತು, ಚೂರು ಮಾಡಿ, ಕುಡಿಯುವ ನೀರಿನ ಬಾಟಲಿಯಲ್ಲಿ ನೆನೆ ಹಾಕಿದಳು. ರಾತ್ರಿಯಿಡೀ ಕೋಣೆಯಲ್ಲಿ ಅದರ ಘಾಟು.

ಶನಿವಾರ: ಪೋಡಿನ ಅಂಚಿನಲ್ಲಿ

ಬೆಳಗ್ಗೆ ಬಾಟಲಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಸೋಸಿ, ಒಂದು ಪಾಲನ್ನು ಹಾಗೆಯೇ, ಇನ್ನೊಂದು ಪಾಲನ್ನು ಹತ್ತುಪಟ್ಟು ತೆಳುಮಾಡಿ ಇಟ್ಟುಕೊಂಡಳು. ಡಬ್ಬಿಗಳಲ್ಲಿ ಕಾಗದ ಹಾಸಿ, ರಾಗಿ ಮತ್ತು ಹುರುಳಿ ಹರವಿ, ಕೆಲವಕ್ಕೆ ಬರೀ ನೀರು, ಕೆಲವಕ್ಕೆ ತೆಳು ಕಷಾಯ, ಕೆಲವಕ್ಕೆ ಗಟ್ಟಿ ಕಷಾಯ. "ನೆಲ್ಲಿ, ಹೊನ್ನೆ, ಕಕ್ಕೆಯ ಬೀಜ ಇಡಬೇಕಿತ್ತು. ಆದರೆ ಕಾಡಿನ ಬೀಜಗಳು ಪ್ರವಾಸಿಗರ ರಜೆ ನೋಡಿ ಮೊಳೆಯುವುದಿಲ್ಲ" ಎಂದಳು.

ಒಂದು ಗಿಡದ ರಾಸಾಯನಿಕ ಇನ್ನೊಂದು ಗಿಡದ ಮೇಲೆ ಮಾಡುವ ಪರಿಣಾಮಕ್ಕೆ ಅಲೆಲೋಪತಿ ಎಂಬ ಹೆಸರಿಟ್ಟದ್ದು ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್, 1937ರಲ್ಲಿ. ಸೇಬಿನಿಂದ ಹೊರಡುವ ಎಥಿಲೀನ್ ಅನಿಲ ಪಕ್ಕದ ಸಸಿಗಳ ಬೆಳವಣಿಗೆಯನ್ನು ಹೇಗೆ ಕೆಡಿಸುತ್ತದೆಂದು ನೋಡುತ್ತಿದ್ದವರು ಅವರು. ಲಂಟಾನದ್ದು ಅನಿಲಕ್ಕಿಂತ ಮುಖ್ಯವಾಗಿ ನೀರಿನ ಕಥೆ: ಎಲೆ, ಉದುರಿದ ತರಗು, ಬೇರು, ಇವುಗಳಿಂದ ಮಳೆಯಲ್ಲಿ ತೊಳೆದು ಇಳಿಯುವ ಫೀನಾಲಿಕ್ ಆಮ್ಲಗಳು. ದನಗಳ ಯಕೃತ್ತನ್ನು ಹಾಳುಮಾಡುವ ಲ್ಯಾಂಟಡೀನ್ ಬೇರೆಯೇ ವರ್ಗದ್ದು. ಅದು ಮೇಯುವವರ ವಿರುದ್ಧದ ರಕ್ಷಣೆ.

ಹನ್ನೊಂದು ಗಂಟೆಗೆ ಪೋಡಿನಿಂದ, ಅಂದರೆ ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಾಡಿಯಿಂದ, ಒಬ್ಬ ಸೋಲಿಗ ಹಿರಿಯರು ಬಂದರು. ನಾವು ಅಜ್ಜ ಎಂದೆವು, ಅವರು ನಮ್ಮನ್ನು ಅಮ್ಮ ಎಂದರು. ಹುಲಿ ಮೀಸಲಿನ ಒಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ; ಪೋಡಿನ ಕಾಫಿ ತೋಟಗಳ ಅಂಚು ಹಿಡಿದು ನಡೆದೆವು. ಅಲ್ಲಿಯೇ ಬೇಕಾದಷ್ಟು ಇತ್ತು. ಲಂಟಾನದ ಪೊದೆ ನಮ್ಮ ತಲೆಗಿಂತ ಎತ್ತರವಾಗಿ, ಪಕ್ಕದ ಮರದ ಕೊಂಬೆಗೆ ಕೈ ಹಾಕಿ ಹತ್ತಿತ್ತು. ಬಗ್ಗಿ ಒಳಗೆ ನೋಡಿದರೆ ಹಗಲಿನಲ್ಲೂ ಮಬ್ಬು. ನೆಲದಲ್ಲಿ ಕಪ್ಪು ತರಗು, ಒಣಕಡ್ಡಿ. ಹುಲ್ಲಿನ ಒಂದು ಎಸಳೂ ಇಲ್ಲ.

"ನಾನು ಹುಡುಗನಾಗಿದ್ದಾಗ ಇಲ್ಲಿ ನಿಂತರೆ ಆ ಎದುರಿನ ಓರೆಯಲ್ಲಿ ಮೇಯುವ ಕಾಟಿ, ಕಾಡುಕೋಣ, ಕಾಣುತ್ತಿತ್ತು. ನೊದೆಹುಲ್ಲು ಎದೆಯವರೆಗೆ. ರೋಜ ಇರಲೇ ಇಲ್ಲ ಎನ್ನುವುದಿಲ್ಲ, ಅಲ್ಲೊಂದು ಇಲ್ಲೊಂದು ಇತ್ತು" ಎಂದರು ಅಜ್ಜ.

"ಹೆಚ್ಚಾದದ್ದು ಯಾವಾಗ?"

"ತರಗು ಬೆಂಕಿ ನಿಂತ ಮೇಲೆ."

ಬೇಸಗೆಯ ಬಿಸಿಲು ಏರುವ ಮೊದಲೇ, ನೆಲದ ತರಗು ಮಾತ್ರ ಉರಿಯುವಂತೆ, ಮರ ತಾಗದಂತೆ ಇಡುತ್ತಿದ್ದ ತಗ್ಗು ಬೆಂಕಿ ಅದು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ಅಪರಾಧವಾಯಿತು. ನೆಲ್ಲಿಮರಗಳ ಮೇಲೆ ಬದನಿಕೆಯಂಥ ಉಪ್ಪಿಲು ಹೆಚ್ಚಿದ್ದೂ ಹೊಗೆ ಬೀಳುವುದು ನಿಂತ ಮೇಲೆಯೇ ಎಂದು ಅಜ್ಜ ದಾರಿಯಲ್ಲೊಂದು ನೆಲ್ಲಿ ತೋರಿಸಿದರು. ಮರದ ಅರ್ಧ ಎಲೆ ಅದರದ್ದಲ್ಲ. ಇದು ಹಿರಿಯರ ಹಳಹಳಿಕೆಯಷ್ಟೇ ಎಂದು ತಳ್ಳಿಹಾಕುವಂತಿಲ್ಲ. 1997ರಲ್ಲಿ ಈ ಕಾಡಿನಲ್ಲಿ ಗುರುತು ಹಾಕಿದ ತುಣುಕುಗಳಲ್ಲಿ ಶೇಕಡ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಅದೇ ಜಾಗಗಳನ್ನು ಮತ್ತೆ ಎಣಿಸಿದಾಗ ಶೇಕಡ 81. ಎಣಿಸಿದವರು ಸೋಲಿಗರ ನೆನಪುಗಳನ್ನೂ ದಾಖಲಿಸಿಕೊಂಡು, ಬೆಂಕಿಯ ವಿಷಯದಲ್ಲಿ ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡರು.

ಪೊದೆಯ ಒಳಗೆ ಹುಲ್ಲಿಲ್ಲದ್ದು ವಿಷದಿಂದಲೋ ಕತ್ತಲೆಯಿಂದಲೋ? ನಾನು ಕೇಳಿದ್ದು ಗೆಳತಿಯನ್ನು. ಉತ್ತರ ಕೊಟ್ಟದ್ದು ಅಜ್ಜ. "ಕತ್ತಲೆಯೇ ಕಾರಣವಾದರೆ ಸಂಪಿಗೆಯ ಕೆಳಗೂ ಏನೂ ಬೆಳೆಯಬಾರದಿತ್ತು. ರೋಜ ಕಡಿದ ಜಾಗದಲ್ಲಿ ಮೊದಲ ಮಳೆಗೆ ಹುಲ್ಲು ಹಳದಿಯಾಗಿ ಬರುತ್ತದೆ. ಎರಡನೆಯ ವರ್ಷ ಸರಿಯಾಗುತ್ತದೆ." ಗೆಳತಿ ಅದನ್ನು ಬರೆದುಕೊಂಡಳು. ವಾದಕ್ಕಿಳಿಯಲಿಲ್ಲ, ಆದರೆ ಕಣ್ಣಿನಲ್ಲಿ ಇನ್ನೂ ಏನೋ ಇತ್ತು.

ವಾಪಸು ಬರುವಾಗ ಅಜ್ಜನ ಒಪ್ಪಿಗೆಯಿಂದ ಅವರ ತೋಟದ ಬೇಲಿಯ ಲಂಟಾನದ ಬುಡದ ಮಣ್ಣು ಒಂದಿಷ್ಟು, ಹತ್ತು ಹೆಜ್ಜೆ ಆಚೆಯ ಹುಲ್ಲಿನ ಬುಡದ ಮಣ್ಣು ಒಂದಿಷ್ಟು ತಂದೆವು. ಕಾಗದದ ಲೋಟಗಳಲ್ಲಿ ಮಣ್ಣು ತುಂಬಿ ರಾಗಿ ಬಿತ್ತಿದಳು. ಮೂರನೆಯ ಲೋಟಕ್ಕೆ ಲಂಟಾನದ ಮಣ್ಣಿನ ಜೊತೆ ಮನೆಯೊಡತಿಯ ಒಲೆಯ ಇದ್ದಿಲನ್ನು ಪುಡಿಮಾಡಿ ಬೆರೆಸಿದಳು. ಇದ್ದಿಲು ಏಕೆಂದು ಕೇಳಿದರೆ "ನಾಳೆ ಹೇಳುತ್ತೇನೆ" ಎಂದು ಮಲಗಿಬಿಟ್ಟಳು.

ಭಾನುವಾರ: ಮಳೆ

ರಂಗನಾಥನ ದರ್ಶನಕ್ಕೆ ಬಂದವರ ವಾಹನಗಳು ಬೆಟ್ಟದ ತುಂಬ. ದರ್ಶನ ಮುಗಿಸಿ ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂಗಾರು ಮಳೆ ಹಿಡಿಯಿತು. ಇಡೀ ಮಧ್ಯಾಹ್ನ ಜಗುಲಿಯಲ್ಲಿ ಕಳೆದೆವು.

ಡಬ್ಬಿ ತೆರೆದಾಗ ಹುರುಳಿ ಮೂರರಲ್ಲೂ ಮೊಳೆತಿತ್ತು. ನನಗೆ ನಿರಾಸೆ. ವಿಷವೆಂದರೆ ಸಾಯಬೇಕಲ್ಲವೇ? ಗೆಳತಿ ಒಂದೊಂದನ್ನೇ ಎತ್ತಿ ತೋರಿಸಿದಳು. ನೀರಿನಲ್ಲಿದ್ದದ್ದಕ್ಕೆ ಉದ್ದನೆಯ ಬಿಳಿ ಬೇರು. ಗಟ್ಟಿ ಕಷಾಯದಲ್ಲಿದ್ದದ್ದಕ್ಕೆ ಮೋಟು ಬೇರು, ತುದಿ ಕಂದಿತ್ತು. ಮೊಳಕೆಯೊಡೆಯಲು ಬೀಜದೊಳಗಿನ ಬಂಡವಾಳ ಸಾಕು. ಪೆಟ್ಟು ಬೀಳುವುದು ಹೊರಗೆ ಕಾಲಿಟ್ಟ ಬೇರಿನ ತುದಿಗೆ. ಅಲ್ಲಿ ಕೋಶ ವಿಭಜನೆ ನಿಧಾನವಾಗುತ್ತದೆ, ಕೋಶದ ಪೊರೆ ಸೋರತೊಡಗುತ್ತದೆ, ಕಂಡದ್ದರ ಜೊತೆ ಪ್ರತಿಕ್ರಿಯಿಸಿ ಹಾನಿ ಮಾಡುವ ಆಮ್ಲಜನಕದ ರೂಪಗಳು ಒಳಗೆ ಹೆಚ್ಚುತ್ತವೆ. ಬೇರು ಗಿಡ್ಡವಾದ ಸಸಿ ಎರಡು ದಿನ ಬಿಸಿಲು ಬಂದರೆ ಒಣಗಿಹೋಗುತ್ತದೆ. ನೋಡಿದವರು ಬಿಸಿಲಿನ ಮೇಲೆ ದೂರು ಹೇಳುತ್ತಾರೆ.

ವಿಚಿತ್ರವೆಂದರೆ ತೆಳು ಕಷಾಯದ ಬೇರು ನೀರಿನ ಬೇರಿಗಿಂತ ತುಸು ಉದ್ದವೇ ಇದ್ದಂತೆ ಕಂಡಿತು. ಇದೂ ಹೊಸದೇನಲ್ಲವಂತೆ. ಹೆಚ್ಚು ಪ್ರಮಾಣದಲ್ಲಿ ತುಳಿಯುವ ರಾಸಾಯನಿಕ ತೀರ ಕಡಿಮೆ ಪ್ರಮಾಣದಲ್ಲಿ ಬೆಳವಣಿಗೆಯನ್ನು ಕೆಣಕಿ ಎಬ್ಬಿಸುವುದುಂಟು.

"ಅಂದರೆ ಗಿಡ ಸುಮ್ಮನೆ ಪೆಟ್ಟು ತಿನ್ನುವುದಿಲ್ಲ?"

"ಎಲ್ಲಿ ತಿನ್ನುತ್ತದೆ! ಒಳಗೆ ಬಂದ ವಿಷಕ್ಕೆ ಸಕ್ಕರೆಯ ಅಣುವನ್ನೋ ಗ್ಲುಟಾಥಯೋನ್ ಎಂಬ ಇನ್ನೊಂದು ಸಣ್ಣ ಅಣುವನ್ನೋ ಅಂಟಿಸಿ, ಕೋಶದೊಳಗಿನ ಚೀಲದಂಥ ರಸಕುಹರಕ್ಕೆ ತಳ್ಳಿ ಬಾಗಿಲು ಹಾಕುತ್ತದೆ. ಅದಕ್ಕೆ ಬೇಕಾದ ಕಿಣ್ವಗಳನ್ನು ಹೆಚ್ಚು ತಯಾರಿಸುತ್ತದೆ. ಆದರೆ ಈ ಕೆಲಸಕ್ಕೆ ಖರ್ಚಿದೆ. ಬೆಳೆಯಲು ಇಟ್ಟುಕೊಂಡಿದ್ದನ್ನೇ ಇದಕ್ಕೆ ಸುರಿಯಬೇಕು. ಯಾವ ಜಾತಿಯ ಬಳಿ ಆ ಉಪಕರಣ ಮೊದಲೇ ಇದೆಯೋ ಅದು ನಿಲ್ಲುತ್ತದೆ."

ಇಲ್ಲಿಂದ ಮಾತು ಅಮೆರಿಕದ ಮೊಂಟಾನಾ ರಾಜ್ಯಕ್ಕೆ ಹೋಯಿತು. ಅಲ್ಲಿನ ರೇಗನ್ ಕ್ಯಾಲವೇ ಮತ್ತು ಎರಿಕ್ ಆಶೆಹೌಗ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದ ದಿಕ್ಕನ್ನೇ ಬದಲಿಸಿತು. ಯುರೇಷ್ಯಾದಿಂದ ಬಂದು ಅಮೆರಿಕದ ಹುಲ್ಲುಗಾವಲು ಆವರಿಸಿದ್ದ ಸೆಂಟೋರಿಯಾ ಎಂಬ ಕಳೆಯನ್ನು ಅವರು ಎರಡು ಬಗೆಯ ನೆರೆಯವರ ಜೊತೆ ಬೆಳೆಸಿದರು: ಅದರ ತವರಿನ ಹುಲ್ಲುಗಳು ಮತ್ತು ಅಮೆರಿಕದ ಹುಲ್ಲುಗಳು. ತವರಿನವು ಅಷ್ಟಾಗಿ ಅಲ್ಲದಿದ್ದರೂ ಕುಗ್ಗಿದವು. ಅಮೆರಿಕದವು ಅವಕ್ಕಿಂತ ತುಂಬ ಹೆಚ್ಚು ಕುಗ್ಗಿದವು. ಮಣ್ಣಿಗೆ ಸಕ್ರಿಯ ಇದ್ದಿಲು ಬೆರೆಸಿದಾಗ, ಅದು ಸಾವಯವ ರಾಸಾಯನಿಕಗಳನ್ನು ಹೀರಿಕೊಳ್ಳುವುದರಿಂದ, ಅಮೆರಿಕದ ಹುಲ್ಲುಗಳು ಚೇತರಿಸಿಕೊಂಡವು. ನೆರೆಯವರು ಹಿಂದೆಂದೂ ಎದುರಿಸದ ಅಸ್ತ್ರವೇ ಪರಕೀಯ ಕಳೆಯ ಬಲ ಎಂಬ ವಾದ ಹುಟ್ಟಿದ್ದು ಹೀಗೆ. ಲೋಟದಲ್ಲಿನ ಇದ್ದಿಲಿನ ಗುಟ್ಟೂ ಇದೇ.

ನಮ್ಮ ದೇಶದಲ್ಲೂ ಇದಕ್ಕೆ ಜೊತೆಯಾಗುವ ಕೆಲಸ ನಡೆದಿದೆ. ಮೆಕ್ಸಿಕೋದಿಂದ ಬಂದ ಅಜೆರಾಟಿನಾ ಎಂಬ ಕಳೆ ಹಿಮಾಲಯದ ತಪ್ಪಲಿನಲ್ಲಿ, ನೀಲಗಿರಿಯಲ್ಲಿ ಹಬ್ಬಿದೆ. ದೆಹಲಿ ವಿಶ್ವವಿದ್ಯಾಲಯದ ಇಂದರ್‌ಜಿತ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದಂತೆ, ಅದರ ಉದುರೆಲೆಯಿಂದ ಹೊರಡುವ ಆವಿ ಭಾರತ ಮತ್ತು ಚೀನಾದ ಗಿಡಗಳನ್ನು ತಡೆದಷ್ಟು ಮೆಕ್ಸಿಕೋದ ಗಿಡಗಳನ್ನು ತಡೆಯಲಿಲ್ಲ. ಬಳ್ಳಾರಿ ಜಾಲಿಯ ಮೇಲೂ ಇಂದರ್‌ಜಿತ್ ತಂಡ ಕೆಲಸ ಮಾಡಿದೆ: ಅದರ ನೆರಳಿನಲ್ಲಿ ಇತರ ಜಾತಿಗಳು ವಿರಳ, ಅದೇ ಕುಲದ ನಮ್ಮ ಬನ್ನಿಮರದ ನೆರಳಿನಲ್ಲಿ ಹಾಗಿಲ್ಲ. ಹತ್ತು ದಿನದ ಹಿಂದಷ್ಟೇ ವಿಜಯದಶಮಿಗೆ ಬನ್ನಿ ಮುಡಿದವರಿಗೆ ಇದು ಕೇಳಲು ಹಿತವಾಗಿತ್ತು.

ಹಿತವಾದದ್ದನ್ನು ಹಾಗೆಯೇ ಬಿಡುವವಳಲ್ಲ ಇವಳು. "ಪೂರ್ತಿ ನಂಬಬೇಡ. ಇದೇ ಸೆಂಟೋರಿಯಾ ಕುಲದ ಇನ್ನೊಂದು ಕಳೆಯ ಬೇರು ಕ್ಯಾಟೆಚಿನ್ ಎಂಬ ರಾಸಾಯನಿಕ ಸುರಿಸಿ ನೆರೆಯವರನ್ನು ಕೊಲ್ಲುತ್ತದೆಂದು 2003ರಲ್ಲಿ ಬಂದ ಬಹು ಪ್ರಸಿದ್ಧ ಪ್ರಬಂಧವನ್ನು 2010ರಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಬೇರೆಯವರು ಮಣ್ಣಿನಲ್ಲಿ ಅಳೆದಾಗ ಅಷ್ಟು ಪ್ರಮಾಣ ಸಿಗಲೇ ಇಲ್ಲ. ಡಬ್ಬಿಯಲ್ಲಿ ಎಲೆ ಅರೆದು ಸುರಿದರೆ ಕರಿಬೇವೂ ಕೊಲ್ಲುತ್ತದೆ. ನಮ್ಮಲ್ಲಿ ವರ್ಷ ವರ್ಷ ಬರುವ ಇಂಥ ಪ್ರಬಂಧಗಳಲ್ಲಿ ಎಷ್ಟೋ ಡಬ್ಬಿಯಿಂದಾಚೆ ಕಾಲಿಟ್ಟೇ ಇಲ್ಲ."

"ನೀನೂ ಡಬ್ಬಿಯನ್ನೇ ತಂದಿದ್ದೀಯ."

"ಅದಕ್ಕೇ ಲೋಟವನ್ನೂ ಇಟ್ಟಿದ್ದು."

ಮಳೆ ಬಿಡುವ ಹೊತ್ತಿಗೆ ಅವಳು ಹೇಳಿದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸ್ವೀಡನ್ನಿನ ಉತ್ತರದ ಕಾಡುಗಳಲ್ಲಿ ಎಂಪೆಟ್ರಂ ಎಂಬ ಕುಳ್ಳ ಪೊದೆಯ ಫೀನಾಲುಗಳು ಮರದ ಸಸಿಗಳನ್ನು ಏಳಗೊಡುವುದಿಲ್ಲ. ಕಾಡ್ಗಿಚ್ಚು ಹಾದುಹೋದ ಮೇಲೆ ನೆಲದಲ್ಲುಳಿದ ಇದ್ದಿಲು ಆ ಫೀನಾಲುಗಳನ್ನು ಹೀರಿ ಸಸಿಗಳಿಗೆ ದಾರಿ ಬಿಡಿಸುತ್ತದೆಂದು 1996ರಲ್ಲೇ ಅಲ್ಲಿನವರು ತೋರಿಸಿದ್ದರು. ತರಗು ಬೆಂಕಿಯೂ ವರ್ಷ ವರ್ಷ ಈ ಬೆಟ್ಟದ ನೆಲಕ್ಕೆ ಸಣ್ಣ ಇದ್ದಿಲಿನ ಪುಡಿ ಸೇರಿಸುತ್ತಿತ್ತಲ್ಲವೇ? ಬೆಂಕಿ ಲಂಟಾನದ ಎಳೆ ಸಸಿಗಳನ್ನು ಸುಡುತ್ತಿತ್ತು ಎಂಬುದಷ್ಟೇ ಇರಲಿಕ್ಕಿಲ್ಲ, ನೆಲವನ್ನೂ ತೊಳೆದಿಡುತ್ತಿತ್ತೇನೋ. ಇದು ನನ್ನ ಊಹೆ ಮಾತ್ರ. ಗೆಳತಿ "ಚೆನ್ನಾಗಿದೆ, ಆದರೆ ಇಲ್ಲಿ ಅಳೆಯದೆ ಹೇಳಬೇಡ" ಎಂದಳು. ಹೇಳಿದ್ದೇನೆ. ಈಗ ಮತ್ತೆ ಬೆಂಕಿ ಇಟ್ಟರಾಯಿತು ಎಂದು ಯಾರೂ ತಿಳಿಯಬಾರದು: ಲಂಟಾನದ ಒಣ ಜಡೆ ಹತ್ತಿಕೊಂಡರೆ ಉರಿ ನೇರ ಮರದ ತುದಿಗೆ ಏರುತ್ತದೆ, ಉರಿದ ಮೇಲೆ ಲಂಟಾನವೇ ಬುಡದಿಂದ ಮೊದಲು ಚಿಗುರುತ್ತದೆ.

ಸೋಮವಾರ: ಮಲೆ ಮಹದೇಶ್ವರ ಬೆಟ್ಟ

ಕೊಳ್ಳೇಗಾಲ, ಹನೂರು ದಾರಿಯಾಗಿ ದೀರ್ಘ ಪ್ರಯಾಣ. ತೊಡೆಯ ಮೇಲೆ ಲೋಟಗಳ ಪೆಟ್ಟಿಗೆ. "ಏನಮ್ಮ ಅದು, ಸಸಿಗೂ ಟಿಕೆಟ್ ಕೊಡಲೇ?" ಎಂದ ಕಂಡಕ್ಟರಿಗೆ ಗೆಳತಿ ಗಂಭೀರವಾಗಿ "ಇನ್ನೂ ಹುಟ್ಟಿಲ್ಲ" ಎಂದಳು. ಅಂದು ಸಂಜೆಯೇ ಹುಟ್ಟಿದವು; ಲೋಟದ ಮಣ್ಣು ಸೀಳಿ ರಾಗಿಯ ಹಸಿರು ಸೂಜಿಗಳು ಮೂರರಲ್ಲೂ ಎದ್ದಿದ್ದವು.

ಈ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಲಂಟಾನದಿಂದ ಕುರ್ಚಿ, ಬುಟ್ಟಿ, ಮೇಜು ಮಾಡುವ ಕೆಲಸವನ್ನು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ ಎರಡು ದಶಕಗಳ ಹಿಂದೆ ಬೇರೂರಿಸಿತು. ಕಡ್ಡಿಯನ್ನು ದೊಡ್ಡ ಡ್ರಮ್ಮಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿಯಾಗಿರುವಾಗಲೇ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಬೆತ್ತದಷ್ಟೇ ಗಟ್ಟಿ, ಗೆದ್ದಲು ಮುಟ್ಟುವುದಿಲ್ಲ ಎಂದು ಮಾಡುವವರ ಹೆಮ್ಮೆ. ನಾನೊಂದು ಮೊರದಾಕಾರದ ತಟ್ಟೆ ಕೊಂಡೆ. ಕಾಡಿನ ಲಂಟಾನ ಇದರಿಂದ ಮುಗಿಯುತ್ತದೆಯೇ? ಕೇಳಿದಾಗ ನೇಯುತ್ತಿದ್ದ ಹೆಂಗಸು ನಕ್ಕುಬಿಟ್ಟರು. "ಮುಗಿದರೆ ನಮಗೇ ಕಷ್ಟ. ಮುಗಿಯುವುದಿಲ್ಲ, ಹೆದರಬೇಡಿ."

ಅಂದು ರಾತ್ರಿ ಗೆಳತಿ ಡಬ್ಬಿಯ ರಾಗಿಯ ಬೇರುಗಳನ್ನು ಅಳತೆಪಟ್ಟಿಯ ಪಕ್ಕ ಜೋಡಿಸಿ ಫೋಟೊ ತೆಗೆದಳು. ಗಟ್ಟಿ ಕಷಾಯದ ಬೇರು ನೀರಿನದರ ಕಾಲು ಭಾಗವೂ ಇರಲಿಲ್ಲ. ಹುರುಳಿಗಿಂತ ರಾಗಿಗೆ ಪೆಟ್ಟು ಜಾಸ್ತಿ. ಸಣ್ಣ ಬೀಜ, ಕಡಿಮೆ ಬಂಡವಾಳ. ಕಾಡಿನಲ್ಲೂ ಹುಲ್ಲು ಮೊದಲು ಸೋಲುವುದಕ್ಕೆ, ದೊಡ್ಡ ಬೀಜದ ಮರಗಳು ಸ್ವಲ್ಪ ಕಾಲ ತಾಳುವುದಕ್ಕೆ ಇದೂ ಒಂದು ಕಾರಣವಿರಬಹುದು.

ಮಂಗಳವಾರ: ಗುಂಡ್ಲುಪೇಟೆ, ಬಂಡೀಪುರದ ಅಂಚು

ಊಟಿಯ ಹೆದ್ದಾರಿಯಲ್ಲಿ ಲಂಟಾನಕ್ಕೆ ಪ್ರತಿಸ್ಪರ್ಧಿ ಸಿಕ್ಕಿತು. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ವಯನಾಡಿನ ಕಡೆ ನೆರಳಿಗೆ, ಸೌದೆಗೆಂದು ನೆಟ್ಟ ಅಮೆರಿಕದ ಮರ. ಗಡಿ ದಾಟಿ ಇತ್ತ ಬಂದಿದೆ. ಕಡಿದರೆ ಬುಡದಿಂದ ಹತ್ತು ಚಿಗುರು ಬರುವುದರಿಂದ, ಸಿಪ್ಪೆ ಸುಲಿದು ನಿಂತಲ್ಲೇ ಒಣಗಿಸುವ ವಿಧಾನವನ್ನು ಕೇರಳದಲ್ಲಿ ಪ್ರಯತ್ನಿಸಿದ್ದಾರೆ. ಜಿಂಕೆ ಅದರ ಎಲೆ ಮುಟ್ಟುವುದಿಲ್ಲ. ಈ ಮರದ ಬಗ್ಗೆ ಬರೆಯಲು ಬೇರೆಯೇ ಪ್ರವಾಸ ಬೇಕು.

ಮಧ್ಯಾಹ್ನ ಕಾಡಂಚಿನ ಹಳ್ಳಿಯೊಂದರಲ್ಲಿ ಅರಣ್ಯ ಕಾವಲುಗಾರರಾಗಿದ್ದು ನಿವೃತ್ತರಾದವರೊಬ್ಬರ ಮನೆಯಲ್ಲಿ ಕುಳಿತೆವು. ಅವರು ಲಂಟಾನ ಕೀಳಿಸುವ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವರು. ಮೊದಮೊದಲು ಮೇಲಿನಿಂದ ಕಡಿಯುತ್ತಿದ್ದರಂತೆ. ಒಂದು ಕಡಿದರೆ ನಾಲ್ಕು ಬರುತ್ತಿತ್ತು. ಆಮೇಲೆ ಕಲಿತದ್ದು ದೆಹಲಿಯ ಪರಿಸರ ವಿಜ್ಞಾನಿ ಸಿ. ಆರ್. ಬಾಬು ಅವರು ರೂಪಿಸಿದ ಕ್ರಮ: ಚಿಗುರೊಡೆಯುವ ಗಂಟಿನ ಕೆಳಗೆ, ಮಣ್ಣಿನೊಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸುವುದು. ನೆಲ ಕೆದಕುವುದು ಕಡಿಮೆ, ಆದ್ದರಿಂದ ಮಣ್ಣಿನಲ್ಲಿ ಮಲಗಿದ ಲಂಟಾನದ ಬೀಜ ಎಚ್ಚರಗೊಳ್ಳುವುದೂ ಕಡಿಮೆ.

"ಕಿತ್ತ ಮೇಲೆ ಏನು ಬಂತು?" ಗೆಳತಿ ಇದನ್ನೇ ಕೇಳಲು ಬಂದಿದ್ದಳು.

"ಮೊದಲು ಬಂದದ್ದು ಕಾಂಗ್ರೆಸ್ಸೋ, ಯುಪಟೋರಿಯಮ್ಮೋ. ಕೆಲವು ಕಡೆ ರೋಜದ ಮರಿಗಳೇ ಚಾಪೆ ಹಾಸಿದಂತೆ. ಹುಲ್ಲಿನ ಬೀಜ ಎರಚಿದ ಕಡೆ, ಎರಡು ಮೂರು ವರ್ಷ ಬಿಡದೆ ಮರಿಗಳನ್ನು ಕಿತ್ತ ಕಡೆ ಹುಲ್ಲು ನಿಂತಿತು. ಪಕ್ಕದಲ್ಲಿ ಹಳೆಯ ಹುಲ್ಲು ಜೀವಂತ ಇದ್ದರೆ ಬೇಗ. ಸುತ್ತ ಬರೀ ರೋಜವೇ ಇದ್ದರೆ ತುಂಬ ನಿಧಾನ."

"ಹುಲ್ಲು ಹಳದಿಯಾಗಿತ್ತೇ?"

ಅವರು ಯೋಚಿಸಿದರು. "ಕೆಲವು ಕಡೆ ಹೌದು. ಕೆಲವು ಕಡೆ ಕಡುಹಸಿರು. ಅದಕ್ಕೆ ಲೆಕ್ಕ ಸಿಗಲಿಲ್ಲ ಮೇಡಂ."

ಗೆಳತಿಗೆ ಖುಷಿಯಾದದ್ದು ಆ ಲೆಕ್ಕ ಸಿಗದ ಮಾತಿಗೆ. ಲಂಟಾನದ ಉದುರೆಲೆ ಬೇಗ ಕೊಳೆತು ಮಣ್ಣಿಗೆ ಸಾರಜನಕ ಸೇರಿಸುತ್ತದೆ, ಅದರ ಜೊತೆಗೇ ಫೀನಾಲುಗಳನ್ನೂ ಸೇರಿಸುತ್ತದೆ. ಯಾವ ನೆಲದಲ್ಲಿ ಸೂಕ್ಷ್ಮಜೀವಿಗಳು ಆ ಫೀನಾಲುಗಳನ್ನು ಬೇಗ ತಿಂದು ಮುಗಿಸುತ್ತವೆಯೋ ಅಲ್ಲಿ ಗೊಬ್ಬರ ಉಳಿಯುತ್ತದೆ, ವಿಷ ಹೋಗುತ್ತದೆ. ಯಾವ ಬೇರಿಗೆ ಶಿಲೀಂಧ್ರಗಳ ನಂಟು ಗಟ್ಟಿಯಾಗಿದೆಯೋ ಅದು ಮೇಲೇಳುತ್ತದೆ. ಆ ನಂಟನ್ನೇ ಹರಿಯುವ ಕಳೆಗಳೂ ಇವೆ. ಯುರೋಪಿನಿಂದ ಅಮೆರಿಕಕ್ಕೆ ಹೋದ ಬೆಳ್ಳುಳ್ಳಿ ವಾಸನೆಯ ಸಾಸಿವೆ ಗಿಡ ಅಲ್ಲಿನ ಕಾಡುಗಳಲ್ಲಿ ಮರದ ಸಸಿಗಳನ್ನು ನೇರವಾಗಿ ಮುಟ್ಟುವುದಕ್ಕಿಂತ, ಅವುಗಳ ಬೇರಿಗೆ ಅನ್ನ ತಂದುಕೊಡುವ ಶಿಲೀಂಧ್ರಗಳನ್ನು ಕೆಡಿಸುತ್ತದೆ ಎಂದು 2006ರಲ್ಲಿ ಗೊತ್ತಾಯಿತು.

ಆ ಸಾಸಿವೆಯ ಕಥೆಗೆ ಮುಂದಿನ ಭಾಗವಿದೆ. ಗೆಳತಿಯ ಕುತೂಹಲವೆಲ್ಲ ಅದರಲ್ಲಿ. ರಿಚರ್ಡ್ ಲಂಕಾವ್ ಎಂಬ ವಿಜ್ಞಾನಿ ಅಮೆರಿಕದಲ್ಲಿ ಆ ಗಿಡ ಹೊಸದಾಗಿ ಬಂದ ಜಾಗಗಳನ್ನೂ, ದಶಕಗಳ ಹಿಂದೆಯೇ ಬಂದು ನೆಲೆಸಿದ ಜಾಗಗಳನ್ನೂ ಹೋಲಿಸಿ ನೋಡಿದರು. ಹಳೆಯ ಜಾಗಗಳಲ್ಲಿ ಗಿಡದೊಳಗಿನ ವಿಷದ ಪ್ರಮಾಣ ಇಳಿದಿತ್ತು. ಜೊತೆಗೆ, ಅದರೊಡನೆ ಬಹುಕಾಲ ಬಾಳಿದ ಸ್ಥಳೀಯ ಪೈಲಿಯಾ ಗಿಡಗಳ ಸಂತತಿ ಹೆಚ್ಚು ತಾಳಿಕೆ ತೋರಿಸಿತು. ಮೊಂಟಾನಾದಲ್ಲೂ 2005ರಲ್ಲಿ ಇಂಥದ್ದೇ ಕಂಡಿತ್ತು: ಕಳೆಯ ನಡುವೆ ಬದುಕುಳಿದ ಹುಲ್ಲುಗಳ ಬೀಜದಿಂದ ಎದ್ದ ಸಸಿಗಳು, ಕಳೆಯನ್ನೇ ಕಾಣದ ಜಾಗದ ಹುಲ್ಲಿನ ಸಸಿಗಳಿಗಿಂತ ಗಟ್ಟಿ. ಸೋತವು ಬೀಜ ಬಿಡದೆ ಹೋದವು. ತಾಳಿದವು ಬಿಟ್ಟ ಬೀಜ ಉಳಿಯಿತು.

"ನಮ್ಮ ಬೆಟ್ಟದಲ್ಲೂ ಹಾಗೆ ಆಗುತ್ತಿರಬಹುದೇ?"

"ನೆಲ್ಲಿ, ಹೊನ್ನೆಗಳಲ್ಲಿ ಇಷ್ಟು ಬೇಗ ಆಗುವುದಿಲ್ಲ. ಅವುಗಳ ತಲೆಮಾರು ಉದ್ದ. ಹುಲ್ಲಿನಲ್ಲಿ ಹುಡುಕಬೇಕು."

ಬುಧವಾರ: ಲೋಟಗಳ ತೀರ್ಪು

ಹೊರಡುವ ಮೊದಲು ವಸತಿಗೃಹದ ಕೋಣೆಯಲ್ಲಿ ಹಳೆಯ ಪತ್ರಿಕೆ ಹಾಸಿ ಲೋಟಗಳನ್ನು ಮಗುಚಿದೆವು. ನಾನು ನಾಟಕೀಯವಾದದ್ದೇನೋ ಕಾಣುತ್ತದೆಂದು ಕನ್ನಡಕ ಒರೆಸಿಕೊಂಡು ಕುಳಿತಿದ್ದೆ. ಡಬ್ಬಿಯಲ್ಲಿ ರಾಗಿಯ ಬೇರನ್ನು ಕಾಲು ಭಾಗಕ್ಕೆ ಇಳಿಸಿದ್ದ ಅದೇ ಲಂಟಾನ, ಮಣ್ಣಿನಲ್ಲಿ ಅಷ್ಟು ಮಾಡಿರಲಿಲ್ಲ. ಲಂಟಾನದ ಮಣ್ಣಿನ ಸಸಿಗಳು ಹುಲ್ಲಿನ ಮಣ್ಣಿನವಕ್ಕಿಂತ ಹೆಚ್ಚು ಹಸಿರಾಗಿದ್ದವು! ಮಣ್ಣು ತೊಳೆದು ನೋಡಿದರೆ ಬೇರು ಮಾತ್ರ ತುಸು ಗಿಡ್ಡ, ಕವಲು ಕಡಿಮೆ. ಇದ್ದಿಲು ಬೆರೆಸಿದ ಲೋಟದಲ್ಲಿ ಬೇರು ಹೆಚ್ಚು ಹರಡಿತ್ತು.

"ಕಂಡೆಯಾ! ಇದ್ದಿಲು ವಿಷ ಹೀರಿತು" ಎಂದೆ.

"ಅಥವಾ ಮಣ್ಣು ಸಡಿಲವಾಯಿತು. ಅಥವಾ ಒಲೆಯ ಬೂದಿಯಲ್ಲಿದ್ದ ಪೊಟ್ಯಾಷ್ ಕೆಲಸ ಮಾಡಿತು. ಮೂರು ಲೋಟ ಇಟ್ಟು ತೀರ್ಪು ಕೊಟ್ಟರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ" ಎಂದಳು. ಆದರೂ ಪ್ರತಿಯೊಂದು ಬೇರನ್ನೂ ಪತ್ರಿಕೆಯ ಮಡಿಕೆಯಲ್ಲಿ ಒತ್ತಿಟ್ಟು, ಮೇಲೆ ದಿನಾಂಕ ಬರೆದಳು.

ಮೈಸೂರಿನ ಬಸ್ಸಿನಲ್ಲಿ ನಂಜನಗೂಡು ದಾಟುವವರೆಗೂ ಅವಳದು ಮುಂದಿನ ಯೋಜನೆಯೇ. ಡಿಸೆಂಬರಿನಲ್ಲಿ ನೊದೆಹುಲ್ಲಿನ ಬೀಜ ಬಲಿಯುವ ಹೊತ್ತಿಗೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ಅಜ್ಜ ತೋರಿಸಿದಂಥ ಲಂಟಾನದ ಅಂಚಿನಲ್ಲಿ ಉಳಿದುಕೊಂಡ ಹುಲ್ಲಿನಿಂದ ಒಂದಿಷ್ಟು ಬೀಜ, ಲಂಟಾನ ಇನ್ನೂ ಮುಟ್ಟದ ಓರೆಯಿಂದ ಒಂದಿಷ್ಟು. ಎರಡನ್ನೂ ಒಂದೇ ಮಣ್ಣಿನಲ್ಲಿ ಬೆಳೆಸಿ, ಲಂಟಾನದ ತರಗು ಹಾಕಿ, ಹಾಕದೆ, ಇದ್ದಿಲು ಬೆರೆಸಿ, ಬೆರೆಸದೆ ನೋಡಬೇಕು. ಕಷಾಯ ಬೇಡ, ತರಗಿನ ಮೇಲೆ ಮಳೆನೀರು ಬಿದ್ದು ಎಷ್ಟು ಇಳಿಯುತ್ತದೋ ಅಷ್ಟೇ. ಕಾಲೇಜಿನಲ್ಲಿ ಜಾಗವಿಲ್ಲ, ಕೋತಿಗಳ ಕಾಟ ಬೇರೆ.

"ನಿನ್ನ ಮನೆಯ ಮಹಡಿ ಖಾಲಿ ಇದೆಯಲ್ಲ?"

"ಎಷ್ಟು ಚೀಲ?"

"ಇನ್ನೂರು."

ಬ್ಯಾಂಕಿನಲ್ಲಿ ಮೂರು ದಶಕ ಸಾಲದ ಅರ್ಜಿ ನೋಡಿದವಳು ನಾನು. ಕೇಳಿದಷ್ಟನ್ನೂ ಮಂಜೂರು ಮಾಡುವ ಅಭ್ಯಾಸವಿಲ್ಲ. ನೀರಿನ ತೊಟ್ಟಿಯ ಪಕ್ಕ, ಬಟ್ಟೆ ಒಣಹಾಕುವ ತಂತಿ ಬಿಟ್ಟು, ನಲವತ್ತಕ್ಕೆ ಒಪ್ಪಿದೆ. ಉಳಿದ ನೂರ ಅರವತ್ತಕ್ಕೆ ಅವಳು ಅದಾಗಲೇ ತನ್ನ ಪಕ್ಕದ ಮನೆಯವರ ಹೆಸರು ಬರೆದುಕೊಳ್ಳುತ್ತಿದ್ದಳು.